ದುಬ್ರೋವ್ನಿಕ್‌ನ ಓಣಿಗಳಿಗೆ ಬಿಸಿಲು ಇಳಿಯುವ ಹೊತ್ತು

ಪ್ರಶ್ನೆ: ಬರುವ ಅಕ್ಟೋಬರ್ ಮಧ್ಯದಲ್ಲಿ ಅಮ್ಮನನ್ನು ಕರೆದುಕೊಂಡು ಕ್ರೊಯೇಷಿಯಾದ ದುಬ್ರೋವ್ನಿಕ್‌ಗೆ ಹೋಗುತ್ತಿದ್ದೇನೆ. ನಾಲ್ಕು ದಿನ ಇರುತ್ತೇವೆ. ನನ್ನ ಹತ್ತಿರ ಒಂದು ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್ ಮತ್ತು ಫೋನ್ ಇದೆ. ಹಿಂದೆ ರೋಮ್‌ಗೆ ಹೋದಾಗ ಹಳೆಯ ಗಲ್ಲಿಗಳ ಫೋಟೋ ತುಂಬಾ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಆಕಾಶ ಬೆಳ್ಳಗೆ, ಗಲ್ಲಿ ಕಪ್ಪಗೆ. ಈ ಸಲ ವೈಡ್ ಲೆನ್ಸ್ ಕೊಳ್ಳಬೇಕಾ? ಟ್ರೈಪಾಡ್, ಡ್ರೋನ್ ಬೇಕಾಗುತ್ತದಾ? ಅಮ್ಮನಿಗೆ ಮಂಡಿನೋವು, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ. (ಓದುಗರು, ಹುಬ್ಬಳ್ಳಿ)

ಉತ್ತರ: ಲೆನ್ಸ್ ಕೊಳ್ಳಬೇಡಿ. ನಿಮ್ಮ ರೋಮ್ ಫೋಟೋಗಳು ಕೆಟ್ಟಿದ್ದು ಲೆನ್ಸ್‌ನಿಂದ ಅಲ್ಲ. ಬೆಳಕು ಆ ಗಲ್ಲಿಯೊಳಗೆ ಇಳಿಯದ ಹೊತ್ತಿನಲ್ಲಿ ನೀವು ಅಲ್ಲಿ ನಿಂತಿದ್ದಿರಿ, ಅಷ್ಟೇ. ಎರಡೂ ಕಡೆ ಎತ್ತರದ ಗೋಡೆ, ನಡುವೆ ಮೂರು ಮೀಟರ್ ದಾರಿ, ಮೇಲೆ ಒಂದು ಪಟ್ಟಿ ಆಕಾಶ. ಕೆಳಗಿನ ನೆರಳಿಗೂ ಮೇಲಿನ ಆಕಾಶಕ್ಕೂ ಇರುವ ಅಂತರವನ್ನು ಯಾವ ಕ್ಯಾಮೆರಾವೂ ಒಂದೇ ಸಲಕ್ಕೆ ಪೂರ್ತಿ ಹಿಡಿಯಲಾರದು. ವೈಡ್ ಲೆನ್ಸ್ ಹಾಕಿದರೆ ತೊಂದರೆ ಇನ್ನೂ ಹೆಚ್ಚು, ಯಾಕೆಂದರೆ ಅದು ಆಕಾಶವನ್ನೇ ಜಾಸ್ತಿ ಒಳಗೆ ತರುತ್ತದೆ.

ಮೆಡಿಟರೇನಿಯನ್ ತೀರದ ಹಳೆಯ ಊರುಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ಬೀದಿ ಯಾವ ದಿಕ್ಕಿಗೆ ಹರಿದಿದೆ? ಅದು ಗೊತ್ತಾದರೆ ಬಿಸಿಲು ಅಲ್ಲಿಗೆ ಎಷ್ಟು ಗಂಟೆಗೆ ಬರುತ್ತದೆ ಎಂಬುದು ಮನೆಯಲ್ಲಿ ಕೂತೇ ಗೊತ್ತಾಗುತ್ತದೆ. ಮನೆ ಕಟ್ಟುವಾಗ ನಾವು ದಿಕ್ಕು ನೋಡುತ್ತೇವೆ, ಅಲ್ವಾ? ಫೋಟೋ ತೆಗೆಯುವಾಗಲೂ ಹಾಗೇ ನೋಡಿ. ನಕ್ಷೆ ಮತ್ತು ಫೋನಿನ ದಿಕ್ಸೂಚಿ ಸಾಕು.

ದುಬ್ರೋವ್ನಿಕ್ ಈ ಪಾಠ ಕಲಿಯಲು ಬಹಳ ಒಳ್ಳೆಯ ಊರು, ಯಾಕೆಂದರೆ ಅದರ ನಕ್ಷೆ ತುಂಬಾ ಸರಳ. ನಡುವೆ ಸ್ಟ್ರಾದುನ್ ಎಂಬ ನೇರ ಬೀದಿ, ಸುಮಾರು 300 ಮೀಟರ್ ಉದ್ದ. ಒಂದು ತುದಿಯಲ್ಲಿ ಪಿಲೆ ದ್ವಾರ, ಇನ್ನೊಂದು ತುದಿಯಲ್ಲಿ ಲೂಝಾ ಚೌಕ ಮತ್ತು ಗಂಟೆ ಗೋಪುರ. ಒಂದು ಕಾಲದಲ್ಲಿ ಈ ಬೀದಿ ಇದ್ದ ಜಾಗದಲ್ಲಿ ನೀರಿತ್ತು. ದಕ್ಷಿಣಕ್ಕೆ ಬಂಡೆಯ ಮೇಲೆ ಒಂದು ಊರು, ಉತ್ತರಕ್ಕೆ ಬೆಟ್ಟದ ಬುಡದಲ್ಲಿ ಇನ್ನೊಂದು. ನಡುವಿನ ಕಾಲುವೆ ಮುಚ್ಚಿದ ಮೇಲೆ ಎರಡೂ ಸೇರಿ ಒಂದೇ ಊರಾಯಿತು. 1667ರ ಏಪ್ರಿಲ್ 6ರಂದು ದೊಡ್ಡ ಭೂಕಂಪವಾಗಿ ಊರಿನ ಬಹುಪಾಲು ನೆಲಕ್ಕೆ ಬಿತ್ತು. ಆಮೇಲೆ ಸ್ಟ್ರಾದುನ್‌ನ ಎರಡೂ ಬದಿಯ ಮನೆಗಳನ್ನು ಒಂದೇ ಎತ್ತರ, ಒಂದೇ ಮಾದರಿಯಲ್ಲಿ ಕಟ್ಟಿದರು. ಈಗ ನಮಗೆ ಕಾಣುವ ಆ ಶಿಸ್ತಿನ ಸಾಲು ಅದೇ.

ಈಗ ದಿಕ್ಕು ನೋಡೋಣ. ಸ್ಟ್ರಾದುನ್ ಪಶ್ಚಿಮದಿಂದ ಪೂರ್ವಕ್ಕೆ ಇದೆ, ಪೂರ್ವದ ತುದಿ ದಕ್ಷಿಣದ ಕಡೆಗೆ ಸ್ವಲ್ಪ ವಾಲಿದೆ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದೂ ನೇರ ಪೂರ್ವದಲ್ಲಲ್ಲ, ದಕ್ಷಿಣಕ್ಕೆ ಸ್ವಲ್ಪ ಸರಿದು. ಅಂದರೆ ನೀವು ಹೋಗುವ ವಾರದಲ್ಲಿ ಬೆಳಗಿನ ಸೂರ್ಯ ಹೆಚ್ಚುಕಡಿಮೆ ಈ ಬೀದಿಯ ನೇರದಲ್ಲೇ ಮೇಲೆ ಬರುತ್ತಾನೆ. ಉದಯ ಏಳು ಗಂಟೆಯ ಸುಮಾರಿಗೆ. ಆದರೆ ಪೂರ್ವಕ್ಕೆ ಗುಡ್ಡ ಅಡ್ಡ ಇರುವುದರಿಂದ ಬಿಸಿಲು ಬೀದಿಗೆ ಇಳಿಯುವುದು ಇನ್ನೂ ಸ್ವಲ್ಪ ತಡ, ಏಳೂಮುಕ್ಕಾಲು ಎಂಟರ ಹೊತ್ತಿಗೆ. ನೀವು ಏಳಕ್ಕೇ ಪಿಲೆ ದ್ವಾರದ ಒಳಗೆ, ಒನೊಫ್ರಿಯೊ ಕಾರಂಜಿಯ ಹತ್ತಿರ ಗಂಟೆ ಗೋಪುರದ ಕಡೆ ಮುಖ ಮಾಡಿ ನಿಂತುಬಿಡಿ.

ಆ ಬೀದಿಯ ಕಲ್ಲನ್ನು ಒಮ್ಮೆ ಬಗ್ಗಿ ಮುಟ್ಟಿ ನೋಡಿ. ಸುಣ್ಣಕಲ್ಲು. ಶತಮಾನಗಳ ಕಾಲ ಜನ ಓಡಾಡಿ ಕನ್ನಡಿಯ ಹಾಗೆ ನುಣುಪಾಗಿದೆ. ಒಣಗಿದ್ದರೂ ಈಗಷ್ಟೇ ಮಳೆ ಬಿದ್ದಂತೆ ಹೊಳೆಯುತ್ತದೆ. ನಿಮಗೆ ಬಾದಾಮಿಯ ಕೆಂಪು ಕಲ್ಲು ಗೊತ್ತಿದೆ. ಅದು ಬೆಳಕನ್ನು ಕುಡಿಯುತ್ತದೆ. ಇದು ಬೆಳಕನ್ನು ವಾಪಸ್ ಎಸೆಯುತ್ತದೆ. ಎದುರಿನಿಂದ ತಗ್ಗಿನ ಬಿಸಿಲು ಬಿದ್ದಾಗ ಬೀದಿಯುದ್ದಕ್ಕೂ ಒಂದು ಬೆಳ್ಳಿಯ ಗೆರೆ ಎದ್ದು, ಅದರ ಮೇಲೆ ನಡೆದು ಬರುವ ಒಬ್ಬೊಬ್ಬರೂ ಉದ್ದನೆಯ ನೆರಳನ್ನು ಮುಂದೆ ಹಾಸಿಕೊಂಡು ಬರುತ್ತಾರೆ. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೋ ಇನ್ನೂ ಕೆಳಕ್ಕೋ ಇಳಿಸಿ. ಫ್ರೇಮ್‌ನಲ್ಲಿ ಮುಕ್ಕಾಲು ಪಾಲು ನೆಲವೇ ಇರಲಿ. ಪೋಲರೈಸರ್ ಫಿಲ್ಟರ್ ಇದ್ದರೆ ದಯವಿಟ್ಟು ಇಲ್ಲಿ ತೆಗೆದಿಡಿ. ಅದರ ಕೆಲಸವೇ ಹೊಳಪನ್ನು ಅಳಿಸುವುದು. ನೀವು ಬಂದಿರುವುದೇ ಆ ಹೊಳಪಿಗಾಗಿ.

ಎಕ್ಸ್‌ಪೋಷರ್, ಅಂದರೆ ಫೋಟೋಗೆ ಎಷ್ಟು ಬೆಳಕು ಬಿಡಬೇಕು ಎಂಬ ವಿಷಯ. ಇಂಥ ಎದುರು ಬೆಳಕಿನಲ್ಲಿ ಹೊಳೆಯುವ ಗೆರೆ ಉರಿದುಹೋಗದ ಹಾಗೆ ಅಳತೆ ಇಟ್ಟುಕೊಳ್ಳಿ. ಜನ ಕಪ್ಪು ಆಕಾರಗಳಾಗಿ ಬಂದರೆ ಬರಲಿ. ಆದರೆ ಬೆನ್ನ ಹಿಂದೆ ಬಿಸಿಲಿದ್ದು, ಬೆಳ್ಳಗಿನ ಗೋಡೆಯೇ ಫ್ರೇಮ್ ತುಂಬಿದ್ದಾಗ ಲೆಕ್ಕ ತಿರುಗುತ್ತದೆ. ಕ್ಯಾಮೆರಾ ಅಷ್ಟು ಬಿಳುಪು ಕಂಡು ಹೆದರಿ ಎಲ್ಲವನ್ನೂ ಬೂದು ಮಾಡುತ್ತದೆ. ಆಗ ಪ್ಲಸ್ ಅರ್ಧದಿಂದ ಮುಕ್ಕಾಲು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ). ಇವೆರಡನ್ನು ನೆನಪಿಟ್ಟುಕೊಂಡರೆ ಉಳಿದದ್ದನ್ನು ಕ್ಯಾಮೆರಾಗೇ ಬಿಡಬಹುದು. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಕಂಡ ಬೆಳಕನ್ನು ತಿದ್ದದೆ ಹಾಗೇ ಉಳಿಸುವ ಫೈಲ್‌ನಲ್ಲಿ, ತೆಗೆಯಿರಿ. ಅದಕ್ಕೆ ಕಾರ್ಡ್‌ನಲ್ಲಿ ಜಾಗ ಜಾಸ್ತಿ ಬೇಕು, ಆದರೆ ನೆರಳನ್ನು ಆಮೇಲೆ ಎತ್ತಲು ಅವಕಾಶ ಇರುತ್ತದೆ.

ಒಂಬತ್ತರ ಹೊತ್ತಿಗೆ ಈ ಬೀದಿ ಬಿಟ್ಟುಬಿಡಿ. ಗ್ರೂಝ್ ಬಂದರಿಗೆ ಬರುವ ದೊಡ್ಡ ಹಡಗುಗಳ ಪ್ರವಾಸಿಗರು ಬಸ್ಸುಗಳಲ್ಲಿ ಪಿಲೆ ದ್ವಾರಕ್ಕೆ ಬಂದಿಳಿಯುತ್ತಾರೆ. 2019ರಿಂದ ಊರಿನವರು ಹಡಗುಗಳಿಗೆ ಮಿತಿ ಹಾಕಿದ್ದಾರೆ, ಒಂದೇ ಹೊತ್ತಿಗೆ ಎರಡು ಹಡಗು, 4,000 ಪ್ರಯಾಣಿಕರು ಎಂದು. ಆದರೂ ಅಷ್ಟು ಜನ 300 ಮೀಟರ್ ಬೀದಿಗೆ ಬಂದರೆ ನೆಲ ಕಾಣುವುದೇ ಕಷ್ಟ.

ಇನ್ನು ಓಣಿಗಳು. ನಿಮ್ಮ ರೋಮ್ ಗಾಯ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟ್ರಾದುನ್‌ನ ಉತ್ತರಕ್ಕೆ ಸಾಲಾಗಿ ಕಿರಿದಾದ ಓಣಿಗಳು ಬೆಟ್ಟದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಇವು ಸ್ಟ್ರಾದುನ್‌ಗೆ ಅಡ್ಡವಾಗಿರುವುದರಿಂದ ಹೆಚ್ಚುಕಡಿಮೆ ಉತ್ತರ ದಕ್ಷಿಣ. ಅಂದಮೇಲೆ ಬೆಳಗಿನ ಬಿಸಿಲೂ ಒಳಗೆ ಬರುವುದಿಲ್ಲ, ಸಂಜೆಯದೂ ಬರುವುದಿಲ್ಲ. ಎರಡೂ ಪಕ್ಕದ ಗೋಡೆಗೆ ಬಡಿದು ಮೇಲೆಯೇ ನಿಲ್ಲುತ್ತವೆ. "ಮಧ್ಯಾಹ್ನ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಬೆಳಿಗ್ಗೆ ಸಂಜೆ ಮಾತ್ರ ತೆಗೆಯಿರಿ" ಎಂದು ಎಲ್ಲರೂ ಹೇಳುತ್ತಾರೆ. ಬಯಲಿನಲ್ಲಿ ಅದು ಸರಿ. ಈ ಓಣಿಗಳಲ್ಲಿ ಅದು ಪೂರ್ತಿ ತಪ್ಪು. ಇಲ್ಲಿಗೆ ಬಿಸಿಲು ಇಳಿಯುವುದೇ ಮಧ್ಯಾಹ್ನ.

ಅದೂ ಹನ್ನೆರಡಕ್ಕಲ್ಲ. ಅಲ್ಲಿ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದೆ ಇರುತ್ತದೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಗೆ. ಓಣಿಗಳು ನೇರ ದಕ್ಷಿಣಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ವಾಲಿರುವುದರಿಂದ ಬಿಸಿಲು ಅವುಗಳ ನೇರಕ್ಕೆ ಬರಲು ಒಂದೂಕಾಲಾದರೂ ಆಗಬೇಕು. ಅದಕ್ಕೆ ಮುಂಚೆ ಪಶ್ಚಿಮದ ಬದಿಯ ಗೋಡೆ ಬೆಳಗುತ್ತದೆ, ಆಮೇಲೆ ಮೆಟ್ಟಿಲು, ಆಮೇಲೆ ಪೂರ್ವದ ಗೋಡೆ. ಅಲ್ಲಿಗೆ ಮುಗಿಯಿತು, ಮತ್ತೆ ನೆರಳು. ನಾನು ಮೊದಲ ಸಲ ಹೋದಾಗ ಇದು ಗೊತ್ತಿರಲಿಲ್ಲ. ಎರಡು ದಿನ ಮಧ್ಯಾಹ್ನವೆಲ್ಲ ರೂಮಿನಲ್ಲಿ ಮಲಗಿ, ಸಂಜೆ ಬಂದು ಕತ್ತಲೆ ಓಣಿಗಳಲ್ಲಿ ಒದ್ದಾಡಿದೆ. ಮೂರನೇ ದಿನ ಊಟಕ್ಕೆ ಜಾಗ ಹುಡುಕುತ್ತಾ ಒಂದು ಓಣಿ ಹತ್ತಿದಾಗ ಇಡೀ ಓಣಿ ಒಳಗಿನಿಂದ ದೀಪ ಹಚ್ಚಿದ ಹಾಗಿತ್ತು. ಊಟ ಬಿಟ್ಟು ಅಲ್ಲೇ ನಿಂತೆ.

ಆ ಹೊತ್ತಿನಲ್ಲಿ ಬಿಸಿಲು ಬಿದ್ದ ಜಾಗವನ್ನೇ ತೆಗೆಯಬೇಕೆಂದಿಲ್ಲ. ಅದರ ಎದುರಿನ ಗೋಡೆ ನೋಡಿ. ಬಿಳಿ ಕಲ್ಲಿಗೆ ಬಿದ್ದ ಬಿಸಿಲು ಪುಟಿದು ಎದುರು ಗೋಡೆಗೆ ಬರುತ್ತದೆ. ಮೆತ್ತಗಿನ, ಸ್ವಲ್ಪ ಬೆಚ್ಚಗಿನ ಬೆಳಕು. ಸ್ಟುಡಿಯೋದಲ್ಲಿ ಬಿಳಿ ಹಲಗೆ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ಊರಿಗೆ ಊರೇ ಮಾಡುತ್ತದೆ. ಬಾಗಿಲು, ಕಿಟಕಿ, ಕುಂಡ, ಮುಖ ಏನೇ ಇರಲಿ ಆ ಬೆಳಕಿನಲ್ಲಿ ಚೆನ್ನಾಗಿ ಬರುತ್ತದೆ.

ಆಕಾಶವನ್ನು ಫ್ರೇಮ್‌ನಿಂದ ಹೊರಗಿಡಿ. ನಿಮ್ಮ 18-55ರಲ್ಲಿ ಅಗಲವಾಗಿ ತೋರಿಸುವ 18ರ ತುದಿ ಮರೆತು, ಹತ್ತಿರಕ್ಕೆ ತರುವ 55ರ ತುದಿಗೆ ಹೋಗಿ. ಕೆಳಗೆ ನಿಂತು ಮೇಲೆ ನೋಡುವ ಬದಲು ಹತ್ತು ಹದಿನೈದು ಮೆಟ್ಟಿಲು ಹತ್ತಿ ಕೆಳಕ್ಕೆ ನೋಡಿ. ಆಗ ಹಿನ್ನೆಲೆಯಲ್ಲಿ ಆಕಾಶ ಬರುವುದಿಲ್ಲ, ಹೊಳೆಯುವ ಸ್ಟ್ರಾದುನ್‌ನ ಒಂದು ತುಣುಕು ಬರುತ್ತದೆ. ಮೆಟ್ಟಿಲುಗಳು ಒಂದರ ಮೇಲೊಂದು ಒತ್ತಿಕೊಂಡಂತೆ ಕಾಣುತ್ತವೆ. ಮನೆಗಳ ಗೋಡೆ ಒಳಕ್ಕೆ ಬಾಗಿದಂತೆ ಬರುವ ತೊಂದರೆಯೂ ತಪ್ಪುತ್ತದೆ. ಆಕಾಶ ಬರಲೇಬೇಕು ಅನ್ನಿಸಿದರೆ ಮೈನಸ್ ಒಂದು ಸ್ಟಾಪ್ ಇಳಿಸಿ ರಾದಲ್ಲಿ ತೆಗೆಯಿರಿ, ನೆರಳನ್ನು ಮನೆಗೆ ಬಂದ ಮೇಲೆ ಎತ್ತಿಕೊಳ್ಳಿ. ಫೋನ್ ಆದರೆ ಬಿಸಿಲಿನ ಗೋಡೆಯ ಮೇಲೆ ಬೆರಳಿಟ್ಟು, ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ಅಷ್ಟೇ ಕೆಲಸ.

ದಕ್ಷಿಣದ ಕಡೆ, ಪುಸ್ತಿಯೆರ್ನಾ ಎಂಬ ಭಾಗದಲ್ಲಿ, ಓಣಿಗಳು ಇನ್ನೂ ಹಳೆಯವು, ಇನ್ನೂ ಸೊಟ್ಟ. ತಲೆಯ ಮೇಲೆ ಕಮಾನುಗಳು, ಕಿಟಕಿಯಿಂದ ಕಿಟಕಿಗೆ ಹಗ್ಗ, ಹಗ್ಗದ ಮೇಲೆ ಬಟ್ಟೆ. ಒಣಗಲು ಹಾಕಿದ ಬಟ್ಟೆಯ ಫೋಟೋ ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಅದು ಯಾರದೋ ಮನೆಯ ಬಟ್ಟೆ. ಹಳೆಯ ಊರಿನ ಗೋಡೆಯೊಳಗೆ ಈಗ ವಾಸ ಮಾಡುವವರು ಬಹಳ ಕಡಿಮೆ. ಬಹಳಷ್ಟು ಮನೆಗಳು ಪ್ರವಾಸಿಗರಿಗೆ ಬಾಡಿಗೆ ಕೊಡುವ ರೂಮುಗಳಾಗಿವೆ. ಉಳಿದಿರುವ ಕೆಲವರ ಕಿಟಕಿಗೆ ನಾವು ದಿನವಿಡೀ ಕ್ಯಾಮೆರಾ ಹಿಡಿದರೆ ಅವರಿಗೆ ಹೇಗಾಗಬೇಡ? ಹೊರಗೆ ಯಾರಾದರೂ ಕಂಡರೆ ಮೊದಲು "ದೋಬರ್ ದಾನ್" ಅನ್ನಿ, ಅದು ಅವರ ನಮಸ್ಕಾರ. ಕ್ಯಾಮೆರಾ ತೋರಿಸಿ "ಮೋಗು ಲಿ?" ಎಂದು ಕೇಳಿ, ತೆಗೆಯಬಹುದಾ ಎಂದರ್ಥ. ಒಪ್ಪಿದರೆ ಕೊನೆಗೆ "ಹ್ವಾಲಾ", ಧನ್ಯವಾದ. ಬೇಡ ಎಂದರೆ ನಕ್ಕು ಮುಂದೆ ಹೋಗಿ. ಮಕ್ಕಳ ಫೋಟೋ ಹೆತ್ತವರನ್ನು ಕೇಳದೆ ತೆಗೆಯಲೇಬೇಡಿ. ಈ ಮೂರು ಮಾತು ಕಲಿತ ಮೇಲೆ ನನಗೆ ಸಿಕ್ಕ ಮುಖಗಳು ಅದಕ್ಕೆ ಮುಂಚೆ ಕದ್ದು ತೆಗೆದ ಯಾವ ಚಿತ್ರದಲ್ಲೂ ಇಲ್ಲ.

ಕೋಟೆ ಗೋಡೆಯ ಮೇಲಿನ ನಡಿಗೆಯನ್ನು ನೀವೊಬ್ಬರೇ ಮಾಡಬೇಕಾಗುತ್ತದೆ, ಅಮ್ಮನಿಗೆ ಆ ಮೆಟ್ಟಿಲುಗಳು ಕಷ್ಟ. ಗೋಡೆ 1,940 ಮೀಟರ್ ಉದ್ದ, ಕೆಲವು ಕಡೆ 25 ಮೀಟರ್ ಎತ್ತರ. ಸೀಸನ್‌ನಲ್ಲಿ ಟಿಕೆಟ್ ದುಬಾರಿ, 35 ಯೂರೋ ಮೇಲೆಯೇ. ಅಷ್ಟೇ ದುಡ್ಡಿಗೆ ಸಿಗುವ ಒಂದು ದಿನದ ದುಬ್ರೋವ್ನಿಕ್ ಪಾಸ್‌ನಲ್ಲಿ ಗೋಡೆಯ ಜೊತೆ ಮ್ಯೂಸಿಯಂಗಳೂ ಸೇರಿರುತ್ತವೆ, ಅದನ್ನೇ ತೆಗೆದುಕೊಳ್ಳಿ. ಗೋಡೆಯ ಮೇಲೆ ಎಲ್ಲರೂ ಅಪ್ರದಕ್ಷಿಣೆಯಾಗಿಯೇ ನಡೆಯಬೇಕು, ವಾಪಸ್ ತಿರುಗುವ ಹಾಗಿಲ್ಲ. ಹೆಚ್ಚಿನವರು ಪಿಲೆಯಲ್ಲಿ ಹತ್ತಿ ಸಮುದ್ರದ ಕಡೆಯಿಂದ ಶುರು ಮಾಡುತ್ತಾರೆ. ನೀವು ಪೂರ್ವದ ಪ್ಲೋಚೆ ದ್ವಾರದ ಕಡೆಯ ಬಾಗಿಲಿನಲ್ಲಿ, ತೆರೆದ ಕೂಡಲೇ ಹತ್ತಿ. ಜನ ತುಂಬುವ ಮುಂಚೆಯೇ ಮಿಂಚೆಟಾ ಗೋಪುರದ ಹತ್ತಿರ ಇರುತ್ತೀರಿ. ಅದು ಗೋಡೆಯ ಅತಿ ಎತ್ತರದ ಜಾಗ. ಕೆಳಗೆ ಇಡೀ ಊರಿನ ಹೆಂಚು, ಅದರಾಚೆ ಸಮುದ್ರ, ಲೊಕ್ರುಮ್ ದ್ವೀಪ.

ಇಲ್ಲಿ ನಿಂತು ನಿಧಾನವಾಗಿ ಹೆಂಚುಗಳನ್ನು ನೋಡಿ. ಅವು ನಮ್ಮ ನಾಡಹೆಂಚಿನ ಹಾಗೇ ಇವೆ, ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಅರೆದುಂಡಗಿನವು. ಕೆಲವು ಮನೆಗಳ ಹೆಂಚು ಮಾಸಿದ ಹಳದಿ, ಕಂದು, ಪಾಚಿ ಬಣ್ಣ, ಎಲ್ಲ ಸೇರಿಕೊಂಡಿವೆ. ಉಳಿದ ಮನೆಗಳದು ಒಂದೇ ಸಮನಾದ ಕಿತ್ತಳೆ ಕೆಂಪು. ಫೋಟೋದಲ್ಲಿ ಆ ಕೆಂಪು ಚೆಂದ ಕಾಣುತ್ತದೆ. ಆದರೆ ಅದು ಹೊಸ ಹೆಂಚು. 1991ರ ಅಕ್ಟೋಬರ್‌ನಲ್ಲಿ ಯುಗೊಸ್ಲಾವ್ ಸೇನೆ ಈ ಊರನ್ನು ಮುತ್ತಿತು. ಆ ವರ್ಷದ ಡಿಸೆಂಬರ್ 6ರಂದು ಬಿದ್ದಷ್ಟು ಶೆಲ್‌ಗಳು ಬೇರೆ ಯಾವ ದಿನವೂ ಬೀಳಲಿಲ್ಲ. ಯುನೆಸ್ಕೊ 1979ರಲ್ಲೇ ವಿಶ್ವ ಪರಂಪರೆಯ ತಾಣ ಎಂದು ಗುರುತಿಸಿದ್ದ ಊರು ಇದು. ಹಳೆಯ ಊರಿನ ಕಟ್ಟಡಗಳಲ್ಲಿ ಮೂರರಲ್ಲಿ ಎರಡಕ್ಕೆ ಪೆಟ್ಟು ಬಿತ್ತು. ಹಳೆಯ ಬಣ್ಣದ ಹೆಂಚು ಬೇಕಾದಷ್ಟು ಸಿಗದೆ ಹೊರದೇಶಗಳಿಂದಲೂ ತರಿಸಿ ಹೊದಿಸಿದರು.

ಆ ಡಿಸೆಂಬರ್ 6ರಂದು ಪಾವೊ ಉರ್ಬಾನ್ ಎಂಬ ಹುಡುಗ ಸ್ಟ್ರಾದುನ್‌ನಲ್ಲಿ ಫೋಟೋ ತೆಗೆಯುತ್ತಿದ್ದರು. ಅದೇ ಊರಿನವರು, 23 ವರ್ಷ. ಶೆಲ್ ಬೀಳುತ್ತಿದ್ದಾಗಲೂ ತಮ್ಮ ಊರಿನ ಬೀದಿಯನ್ನು ಬಿಟ್ಟು ಹೋಗಲಿಲ್ಲ. ಶೆಲ್‌ನ ಚೂರು ತಗುಲಿ ಅಲ್ಲೇ ತೀರಿಕೊಂಡರು. ಅವರ ಕ್ಯಾಮೆರಾದಲ್ಲಿದ್ದ ಕೊನೆಯ ಫ್ರೇಮುಗಳು ಉಳಿದಿವೆ. ಖಾಲಿ ಬೀದಿ, ಹೊಗೆ, ಧೂಳು. ನೀವು ಬೆಳಿಗ್ಗೆ ಏಳು ಗಂಟೆಗೆ ಹೋಗಿ ನಿಲ್ಲುವುದೂ ಅದೇ ಬೀದಿಯಲ್ಲಿ. ಲೂಝಾ ಚೌಕದ ಸ್ಪೊನ್ಝಾ ಅರಮನೆಯಲ್ಲಿ ಊರಿಗಾಗಿ ಪ್ರಾಣ ಕೊಟ್ಟವರ ನೆನಪಿನ ಕೋಣೆಯಿದೆ. ಒಂದು ಹತ್ತು ನಿಮಿಷ ಅಲ್ಲಿ ನಿಲ್ಲಿ. ಪಿಲೆ ದ್ವಾರದ ಒಳಗೆ ಯಾವ ಮನೆಗೆ ಶೆಲ್ ಬಿತ್ತು, ಯಾವುದು ಸುಟ್ಟಿತು ಎಂದು ಗುರುತು ಮಾಡಿದ ನಕ್ಷೆಯ ಫಲಕವಿದೆ. ಗೋಡೆ ಹತ್ತುವ ಮುಂಚೆಯೇ ಅದನ್ನು ಓದಿಕೊಳ್ಳಿ. ಆಮೇಲೆ ಮಿಂಚೆಟಾದಿಂದ ನೋಡಿದರೆ ಸುಮ್ನೆ ಕೆಂಪು ಛಾವಣಿಗಳು ಎಂದು ಕಾಣುವುದಿಲ್ಲ. ಯಾವ ಮನೆ ಉಳಿಯಿತು, ಯಾವುದು ಬಿತ್ತು ಎಂಬುದು ಬಣ್ಣದಲ್ಲೇ ಓದಲು ಬರುತ್ತದೆ. ಇಡೀ ಊರನ್ನು ಒಂದೇ ಫ್ರೇಮ್‌ಗೆ ತುಂಬುವುದಕ್ಕಿಂತ, 55ಕ್ಕೆ ಹೋಗಿ ಒಂದು ಹಳೆಯ ಛಾವಣಿ, ಪಕ್ಕದಲ್ಲಿ ಒಂದು ಹೊಸದು, ಎರಡನ್ನೇ ತೆಗೆಯಿರಿ. ಬೆಳಿಗ್ಗೆ ಅಲ್ಲಿಂದ ದಕ್ಷಿಣಕ್ಕೆ ನೋಡಿದಾಗ ಬಿಸಿಲು ಎಡಗಡೆಯಿಂದ ಬರುತ್ತದೆ. ಅಡ್ಡ ಬಿಸಿಲಿಗೆ ಒಂದೊಂದು ಹೆಂಚಿನ ಉಬ್ಬೂ ಎದ್ದು ಕಾಣುತ್ತದೆ. ಸಮುದ್ರದ ಕಡೆಯ ಗೋಡೆಯಿಂದ ತಿರುಗಿ ನೋಡಿದರೆ ಬಿಸಿಲು ಬೆನ್ನಿಗಿದ್ದು ಎಲ್ಲ ಚಪ್ಪಟೆಯಾಗುತ್ತದೆ. ಹಾಗಾಗಿ ಅರ್ಧ ಸಮಯವನ್ನು ಮಿಂಚೆಟಾದ ಆಸುಪಾಸಿನಲ್ಲೇ ಕಳೆಯಿರಿ.

ಊರನ್ನು ಹೊರಗಿನಿಂದ ತೆಗೆಯಲು ಎರಡು ಕಡೆ ಇವೆ. ಪ್ಲೋಚೆಯ ಆಚೆ ಪೂರ್ವದಿಂದ ಹಳೆಯ ಬಂದರು ಕಾಣುವ ರಸ್ತೆ, ಇದು ಬೆಳಿಗ್ಗೆಗೆ. ಪಶ್ಚಿಮದಲ್ಲಿ 37 ಮೀಟರ್ ಎತ್ತರದ ಬಂಡೆಯ ಮೇಲಿರುವ ಲೊವ್ರಿಯೆನಾಟ್ಸ್ ಕೋಟೆಯ ಕಡೆ, ಇದು ಸಂಜೆಗೆ. ಎರಡೂ ಹೊತ್ತಿನಲ್ಲಿ ಸೂರ್ಯ ನಿಮ್ಮ ಹಿಂದಿನಿಂದ ಗೋಡೆಗೆ ಬಣ್ಣ ಹಚ್ಚುತ್ತಾನೆ.

ಅಮ್ಮನನ್ನು ಸರ್ಜ್ ಬೆಟ್ಟಕ್ಕೆ ಖಂಡಿತ ಕರೆದುಕೊಂಡು ಹೋಗಿ. 412 ಮೀಟರ್ ಎತ್ತರ, ಕೇಬಲ್ ಕಾರ್ ಮೇಲಿನವರೆಗೂ ಹೋಗುತ್ತದೆ. ಮೇಲೆ ನೆಪೋಲಿಯನ್ ಸೇನೆ ಕಟ್ಟಲು ಶುರು ಮಾಡಿದ ಕೋಟೆಯಿದೆ, ಅದರೊಳಗೆ ಯುದ್ಧದ ಮ್ಯೂಸಿಯಂ. ಯಾವ ದಿನ ಹೋಗಬೇಕು ಎಂಬುದನ್ನು ಗಾಳಿಗೆ ಕೇಳಿ. ಅಲ್ಲಿ ಎರಡು ಗಾಳಿಗಳಿಗೆ ಹೆಸರಿದೆ. ಬುರಾ ಎಂದರೆ ಈಶಾನ್ಯದಿಂದ ಬೆಟ್ಟ ಇಳಿದು ಬರುವ ಒಣ, ತಣ್ಣನೆಯ ಗಾಳಿ. ಬುರಾ ಬೀಸಿದ ಮರುದಿನ ಗಾಳಿಯಲ್ಲಿ ಧೂಳಿಲ್ಲ, ಮಬ್ಬಿಲ್ಲ, ದೂರದ ದ್ವೀಪಗಳ ಅಂಚೂ ಚೂಪಾಗಿ ಕಾಣುತ್ತದೆ. ಸರ್ಜ್‌ಗೆ ಅದೇ ದಿನ. ಜೋರಾಗಿ ಬೀಸುತ್ತಿರುವಾಗ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಹಾಗಾಗಿ ಹೊರಡುವ ಮುಂಚೆ ವಿಚಾರಿಸಿ. ಇನ್ನೊಂದು ಯೂಗೊ, ಆಗ್ನೇಯದಿಂದ ಬರುವ ಬೆಚ್ಚನೆಯ ತೇವದ ಗಾಳಿ. ಮೋಡ, ಮಳೆ, ದೊಡ್ಡ ಅಲೆ. ಅಕ್ಟೋಬರ್‌ನಲ್ಲಿ ಅದು ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಮಳೆ ನಿಂತ ಹತ್ತು ನಿಮಿಷಕ್ಕೆ ಸ್ಟ್ರಾದುನ್‌ಗೆ ಓಡಿ. ಜನ ಇನ್ನೂ ಒಳಗೇ ಇರುತ್ತಾರೆ, ನೆಲದಲ್ಲಿ ಗಂಟೆ ಗೋಪುರ ತಲೆಕೆಳಗಾಗಿ ನಿಂತಿರುತ್ತದೆ. ಒಂದು ಮೆತ್ತನೆಯ ಹತ್ತಿಬಟ್ಟೆ ಜೇಬಿನಲ್ಲಿರಲಿ, ಸಮುದ್ರದ ಉಪ್ಪು ಲೆನ್ಸ್ ಮೇಲೆ ಕೂರುತ್ತಲೇ ಇರುತ್ತದೆ.

ಸಂಜೆಯ ಬಗ್ಗೆ ಒಂದು ಸಂತೋಷದ ಮಾತು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಕತ್ತಲು ಬೇಗ ಆವರಿಸುತ್ತದೆ, ಯಾಕೆಂದರೆ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಅಲ್ಲಿ ಓರೆಯಾಗಿ ಇಳಿಯುವುದರಿಂದ ನೀಲಿ ಬೆಳಕು ಇನ್ನಷ್ಟು ಹೊತ್ತು ಉಳಿಯುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಸೂರ್ಯಾಸ್ತ ಆರು ದಾಟಿ ಕೆಲವೇ ನಿಮಿಷಕ್ಕೆ. ಆರೂ ಇಪ್ಪತ್ತೈದರಿಂದ ಆರೂಮುಕ್ಕಾಲರವರೆಗೆ ಬೀದಿದೀಪದ ಹಳದಿ ಮತ್ತು ಆಕಾಶದ ನೀಲಿ ಸರಿಸಮ ಇರುತ್ತವೆ. ನಿಮಗೆ ರೋಮ್‌ನಲ್ಲಿ ಸಿಗದ ಆ ಆಕಾಶ ಈ ಇಪ್ಪತ್ತು ನಿಮಿಷದಲ್ಲಿ ಸಲೀಸಾಗಿ ಸಿಗುತ್ತದೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 4000 ಕೆಲ್ವಿನ್ ಆಸುಪಾಸು ಇಟ್ಟು ನೋಡಿ.

ಟ್ರೈಪಾಡ್ ಬೇಡ ಅನ್ನುತ್ತೇನೆ. ಮೂರು ಮೀಟರ್ ಓಣಿಯಲ್ಲಿ ಅದರ ಕಾಲುಗಳು ನಡೆಯುವವರ ದಾರಿಗೆ ಅಡ್ಡ. ಗೋಡೆಗೆ ಭುಜ ಒತ್ತಿ, ಉಸಿರು ಬಿಟ್ಟು, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಅಥವಾ 3200ಕ್ಕೆ ಏರಿಸಿ ತೆಗೆಯಿರಿ. ಇಲ್ಲವೇ ಮೆಟ್ಟಿಲ ಮೇಲೆ ಬ್ಯಾಗ್ ಇಟ್ಟು ಅದರ ಮೇಲೆ ಕ್ಯಾಮೆರಾ ಮಲಗಿಸಿ, ಎರಡು ಸೆಕೆಂಡ್ ಟೈಮರ್ ಹಾಕಿ. ಡ್ರೋನ್ ಅಂತೂ ಒಯ್ಯಲೇಬೇಡಿ. ಯುರೋಪ್‌ನಲ್ಲಿ ಕ್ಯಾಮೆರಾ ಇರುವ ಡ್ರೋನ್ ಹಾರಿಸುವವರು ನೋಂದಾಯಿಸಿಕೊಳ್ಳಬೇಕು, ಜನ ಸೇರಿದ ಕಡೆ ಮೇಲೆ ಹಾರಿಸುವಂತಿಲ್ಲ, ಕ್ರೊಯೇಷಿಯಾದಲ್ಲಿ ಆಕಾಶದಿಂದ ಚಿತ್ರ ತೆಗೆಯಲು ಮುಂಚೆಯೇ ಬೇರೆ ಅನುಮತಿಯೂ ಬೇಕು. ಗೋಡೆ ಮತ್ತು ಸರ್ಜ್ ಇರುವಾಗ ಆ ತಾಪತ್ರಯ ಯಾಕೆ?

ದಿಕ್ಕಿನ ಲೆಕ್ಕ ಬೇರೆ ಊರಿಗೂ ನಡೆಯುತ್ತದೆ. ಮಾಲ್ಟಾದ ವ್ಯಾಲೆಟ್ಟಾ 1566ರಲ್ಲಿ ಅಡಿಪಾಯ ಹಾಕಿ ಚದುರಂಗದ ಮನೆಗಳ ಹಾಗೆ ಬೀದಿ ಎಳೆದು ಕಟ್ಟಿದ ಊರು. ಅದರ ಅಡ್ಡಬೀದಿಗಳು ಆಗ್ನೇಯಕ್ಕೆ ಬಾಯಿ ತೆರೆದಿವೆ. ಅಕ್ಟೋಬರ್‌ನಲ್ಲಿ ಅಲ್ಲಿನ ಮರದ ಬಾಲ್ಕನಿಗಳಿಗೆ ಬೀದಿಯುದ್ದಕ್ಕೂ ಬಿಸಿಲು ಬೀಳುವುದು ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ. ದುಬ್ರೋವ್ನಿಕ್‌ನಿಂದ ಬಹಳ ಜನ ಒಂದು ದಿನಕ್ಕೆ ಹೋಗಿಬರುವ ಮಾಂಟೆನೆಗ್ರೊದ ಕೋಟರ್ ಊರಿಗೆ ಪೂರ್ವದಲ್ಲೇ ಬೆಟ್ಟ ಅಂಟಿಕೊಂಡಿದೆ. ಅಲ್ಲಿ ಬೆಳಿಗ್ಗೆ ತುಂಬಾ ಹೊತ್ತು ನೆರಳು, ಹಾಗಾಗಿ ಮಧ್ಯಾಹ್ನದ ಮೇಲೆ ಇರುವ ಹಾಗೆ ನೋಡಿಕೊಳ್ಳಿ. ಒಂದು ಎಚ್ಚರಿಕೆ. ಕ್ರೊಯೇಷಿಯಾ 2023ರಿಂದ ಷೆಂಗೆನ್‌ನಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಮಾಂಟೆನೆಗ್ರೊ ಇಲ್ಲ. ಕೋಟರ್‌ಗೆ ಹೋಗಿ ವಾಪಸ್ ಬರಬೇಕಾದರೆ ನಿಮ್ಮ ಮತ್ತು ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು.

ಅಮ್ಮನ ವಿಷಯಕ್ಕೆ ಬರುತ್ತೇನೆ. ಸ್ಟ್ರಾದುನ್ ಮತ್ತು ಅದರ ದಕ್ಷಿಣಕ್ಕಿರುವ ಗುಂಡುಲಿಚ್ ಚೌಕ ಎರಡೂ ಸಮತಟ್ಟು. ಚೌಕದಲ್ಲಿ ಬೆಳಿಗ್ಗೆ ಸಂತೆ ನಡೆಯುತ್ತದೆ. ಹಣ್ಣು, ಒಣ ಅಂಜೂರ, ತರಕಾರಿ, ಲ್ಯಾವೆಂಡರ್ ಚೀಲಗಳು. ನೀವು ಗೋಡೆ ಹತ್ತಿದ ಬೆಳಿಗ್ಗೆ ಅವರು ಅಲ್ಲಿನ ಕೆಫೆಯಲ್ಲಿ ಕೂತು ಸಂತೆ ನೋಡುತ್ತಿರಲಿ. ಫೋನ್ ಅವರ ಕೈಯಲ್ಲೇ ಕೊಟ್ಟು ಹೋಗಿ. ಒಂದೇ ಜಾಗದಲ್ಲಿ ಎರಡು ಗಂಟೆ ಕೂತವರಿಗೆ ಕಾಣುವುದು ಓಡಾಡುವ ನಮಗೆ ಕಾಣುವುದಿಲ್ಲ. ಅಮ್ಮ ತೆಗೆದ ಚಿತ್ರಗಳು ನಿಮ್ಮದಕ್ಕಿಂತ ಚೆನ್ನಾಗಿ ಬಂದರೆ ನನಗೆ ಆಶ್ಚರ್ಯವಿಲ್ಲ.

ಮಧ್ಯಾಹ್ನ ಒಂದೂಕಾಲಿಗೆ ಅವರನ್ನು ಸ್ಟ್ರಾದುನ್‌ನ ಉತ್ತರದ ಯಾವುದಾದರೂ ಓಣಿಯ ಬಾಯಿಗೆ ಕರೆದುಕೊಂಡು ಬನ್ನಿ. ಎರಡು ಮೆಟ್ಟಿಲು ಹತ್ತಿದರೆ ಸಾಕು. ನೆರಳಿರುವ ಬದಿಯಲ್ಲಿ, ಬೆಳಗಿದ ಗೋಡೆಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂರಿಸಿ. ಲೆನ್ಸ್ 55ಕ್ಕೆ ತಿರುಗಿಸಿ, ಅಪರ್ಚರ್ (ಲೆನ್ಸ್‌ಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಎದುರು ಗೋಡೆಗೆ ಒರಗಿ ನಿಲ್ಲಿ. ಆ ಬೆಳಕು ಕಾಲು ಗಂಟೆ ಇರುತ್ತದೆ, ಅವಸರ ಬೇಡ. ಕ್ಯಾಮೆರಾ ನೋಡಿ ಎಂದು ಹೇಳಬೇಡಿ, ಸಂತೆಯಲ್ಲಿ ಏನು ಕೊಂಡಿರಿ ಎಂದು ಕೇಳಿ.